ಶಹಾಬಾದಿನ ಹಾಸುಗಲ್ಲು, ನಾಂಪಲ್ಲಿಯ ನೆಲ

ಹೈದರಾಬಾದಿಗೆ ಹೊಟ್ಟೆಪಾಡಿಗಾಗಿ ಬಂದ ಕನ್ನಡ ಕುಟುಂಬಗಳಲ್ಲಿ ಅನೇಕರು ಮೊದಲು ಸಂಸಾರ ಹೂಡಿದ್ದು ನಾಂಪಲ್ಲಿ, ಆಗಾಪುರ, ಮಲ್ಲೇಪಲ್ಲಿ, ಚಿರಾಗ್ ಅಲಿ ಗಲ್ಲಿಗಳ ಸುತ್ತಮುತ್ತಲ ಹಳೆಯ ಬಾಡಿಗೆ ಮನೆಗಳಲ್ಲಿ. ರೈಲು ಇಳಿದರೆ ನಡೆದು ಸೇರಬಹುದಾದಷ್ಟು ಹತ್ತಿರ ಎಂಬುದೇ ಅದಕ್ಕೆ ಮುಖ್ಯ ಕಾರಣವಿರಬೇಕು. ಆ ಮನೆಗಳ ಮಾತು ಬಂದಾಗಲೆಲ್ಲ ಎತ್ತರದ ಚಾವಣಿ, ಕಮಾನಿನ ಕಿಟಕಿ, ನಡುವಿನ ಅಂಗಳ, ಬೇಸಿಗೆಯಲ್ಲೂ ಆರದ ತಂಪು, ಇವುಗಳ ವರ್ಣನೆ ಸಾಕಷ್ಟು ನಡೆಯುತ್ತದೆ. ಆದರೆ ಆ ತಂಪಿಗೆ ಅರ್ಧ ಕಾರಣವಾದ ಕಾಲ ಕೆಳಗಿನ ಕಲ್ಲಿನ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಆ ಕಲ್ಲು ನಮ್ಮಂತೆಯೇ ಕನ್ನಡ ನಾಡಿನಿಂದ ರೈಲು ಹತ್ತಿ ಈ ಊರಿಗೆ ಬಂದದ್ದು ಎಂಬ ಸಂಗತಿ ನಮ್ಮ ಮಕ್ಕಳಿಗಂತೂ ತಿಳಿದೇ ಇಲ್ಲ.

ಗುಲಬರ್ಗಾ ಕಡೆಯವರು ಇದನ್ನು ಫರಸಿ ಎನ್ನುತ್ತಾರೆ. ‘ಫರ್ಶ್’ ಎಂದರೆ ನೆಲ. ಉರ್ದುವಿನಿಂದ ಬಂದ ಮಾತು, ಈಗ ಪೂರಾ ಕನ್ನಡದ್ದೇ ಆಗಿದೆ. ಹಳೆಯ ಮೈಸೂರಿನವರು ಚಪ್ಪಡಿ ಎಂದೋ ಹಾಸುಗಲ್ಲು ಎಂದೋ ಹೇಳುತ್ತಾರೆ. ಹೈದರಾಬಾದಿನ ತೆಲುಗು ಮಾತಿನಲ್ಲಿ ಇದು ‘ಶಾಬಾದು ಬಂಡ’. ಚೇವೆಳ್ಳದ ಹತ್ತಿರ ಶಾಬಾದ್ ಎಂಬ ಇನ್ನೊಂದು ಊರಿರುವುದರಿಂದ ಕಲ್ಲು ಅಲ್ಲಿಯದೇ ಎಂದು ತಿಳಿದಿರುವವರೂ ಇಲ್ಲಿದ್ದಾರೆ. ಅದು ಸರಿಯಲ್ಲ. ಕಲ್ಲಿಗೆ ಹೆಸರು ಕೊಟ್ಟ ಶಹಾಬಾದ್ ಇರುವುದು ಗುಲಬರ್ಗಾಕ್ಕೂ ವಾಡಿ ಜಂಕ್ಷನ್ನಿಗೂ ನಡುವೆ. ಮೊದಲು ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಆ ಊರು ಈಗ ತಾನೇ ಒಂದು ತಾಲ್ಲೂಕಾಗಿದೆ. ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು. ಹಿಂದಿನ ಕಾಲದ ಮಾತಾದ್ದರಿಂದ ಈ ಲೇಖನದಲ್ಲಿ ಹಳೆಯ ಹೆಸರನ್ನೇ ಬಳಸಿದ್ದೇನೆ.

ಭೀಮಾ ನದಿ ಮತ್ತು ಅದರ ಉಪನದಿ ಕಾಗಿಣಾ ಹರಿಯುವ ಈ ಸೀಮೆಯಲ್ಲಿ ಕರಿಮಣ್ಣನ್ನು ಕೆಲವು ಅಡಿ ತೆಗೆದರೆ ಸಾಕು, ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಸುಣ್ಣಗಲ್ಲಿನ ಪದರಗಳು ಸಿಗುತ್ತವೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶ್ರೇಣಿ ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಪ್ರಾಗಿತಿಹಾಸದ ಪಿತಾಮಹನೆನಿಸಿದ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವರದಿಯಲ್ಲಿ ಈ ಶ್ರೇಣಿಯ ವಿವರಗಳಿವೆ. 50 ಕೋಟಿ ವರ್ಷಗಳಿಗೂ ಹಿಂದೆ, ಶಂಖ ಚಿಪ್ಪುಗಳ ಪ್ರಾಣಿಗಳು ಇನ್ನೂ ಹುಟ್ಟುವ ಮೊದಲೇ, ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ನವಿರಾದ ಸುಣ್ಣದ ಕೆಸರು ಇಳಿದು ಇಳಿದು ಗಟ್ಟಿಯಾಗಿ ಇದಾಯಿತು. ಅದಕ್ಕೇ ಈ ಕಲ್ಲಿನ ಕಣ ಅಷ್ಟು ಸಣ್ಣ. ಅದಕ್ಕೇ ಬೆಣೆ ಇಟ್ಟು ಸುತ್ತಿಗೆಯಿಂದ ತಟ್ಟಿದರೆ ಪದರದ ಗುಂಟ ಸಲೀಸಾಗಿ ಬಿಡುತ್ತದೆ. ಗ್ರಾನೈಟನ್ನು ಚಪ್ಪಡಿ ಮಾಡಬೇಕಾದರೆ ಕೊಯ್ಯಬೇಕು. ಫರಸಿಯನ್ನು ಪ್ರಕೃತಿಯೇ ಚಪ್ಪಡಿ ಮಾಡಿ ಇಟ್ಟಿದೆ, ಎತ್ತಿಕೊಳ್ಳುವುದಷ್ಟೇ ಮನುಷ್ಯನ ಕೆಲಸ. ಎತ್ತುವುದು ಸುಲಭದ ಕೆಲಸವೆಂದು ಮಾತ್ರ ತಿಳಿಯಬಾರದು. ಗುಲಬರ್ಗಾದ ಬೇಸಿಗೆಯಲ್ಲಿ ಬಿಳಿಗಲ್ಲಿನ ಗಣಿಯೊಳಗೆ ನಿಂತವರಿಗೆ ಬಿಸಿಲು ಮೇಲಿನಿಂದಲೂ ಹೊಡೆಯುತ್ತದೆ, ಕೆಳಗಿನಿಂದಲೂ ಹೊಡೆಯುತ್ತದೆ.

ಇದರ ಬಳಕೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ದೊಡ್ಡದೊಂದು ಬೌದ್ಧ ಸ್ತೂಪದ ಅವಶೇಷ ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅದನ್ನು ಸುತ್ತಿದ್ದ ಶಿಲ್ಪಫಲಕಗಳು ಸ್ಥಳೀಯ ಸುಣ್ಣಗಲ್ಲಿನವು. ರಾಣಿಯೊಡನೆ ನಿಂತ ಅಶೋಕ ಚಕ್ರವರ್ತಿಯ ಚಿತ್ರ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು, ಸಿಕ್ಕಿದ್ದು ಇಲ್ಲಿಯೇ. ಎರಡು ಸಾವಿರ ವರ್ಷದ ಹಿಂದೆ ಉಳಿಯ ಕೆಳಗೆ ಅಷ್ಟು ವಿಧೇಯವಾಗಿ ನಡೆದುಕೊಂಡ ಕಲ್ಲು ಇದು. ಅಲ್ಲಿಂದ ಈಶಾನ್ಯಕ್ಕೆ, ಕಾಗಿಣಾ ದಂಡೆಯ ಮೇಲೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ಅಲ್ಲಿನ ಕೋಟೆಗೋಡೆಗಳಲ್ಲಿಯೂ ಇದೇ ಪದರಗಲ್ಲು ಕಾಣಿಸುತ್ತದೆ. ನಮ್ಮ ಕಾಚಿಗುಡದ ಕನ್ನಡ ಶಾಲೆ ಯಾವ ಅರಸನ ಹೆಸರನ್ನು ಹೊತ್ತಿದೆಯೋ ಅವನ ರಾಜಧಾನಿಯ ನೆಲವೂ ನಾಂಪಲ್ಲಿಯ ಬಾಡಿಗೆ ಮನೆಯ ನೆಲವೂ ಒಂದೇ ಬಂಡೆಯಿಂದ ಎದ್ದವು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಬಹಳವಿಲ್ಲ. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಿಗೆ ಹೋದರೆ ನೆಲವಷ್ಟೇ ಅಲ್ಲ, ಗೋಡೆ ಇದರದೇ, ಮಾಳಿಗೆ ಇದರದೇ, ಗೂಡಿನ ಹಲಗೆ, ದನದ ಬಾನಿ, ಹೊಲದ ಬೇಲಿ ಎಲ್ಲವೂ ಇದರದೇ.

ಆದರೆ ಭಾರದ ಕಲ್ಲನ್ನು ಬಂಡಿಯಲ್ಲಿ ಎಷ್ಟು ದೂರ ಒಯ್ಯಲಾದೀತು? ಹಳ್ಳಿಯ ಕಲ್ಲು ಪಟ್ಟಣದ ಕಲ್ಲಾದದ್ದು ರೈಲು ಬಂದ ಮೇಲೆ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ಹಳಿಯೊಡನೆ ಕೂಡಿಕೊಂಡಿತು. ನಿಜಾಮರ ರಾಜಧಾನಿ ಆ ದಾರಿಯಿಂದ ದೂರ ಉಳಿಯಿತು. ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ, ಸಂಸ್ಥಾನದ ಹಣದಿಂದಲೇ, ವಾಡಿಯಿಂದ ಹೈದರಾಬಾದ್ ಹಾಗೂ ಸಿಕಂದರಾಬಾದಿಗೆ ಒಂದು ಹಳಿ ಹಾಕಿಸಲಾಯಿತು. 1874ರಲ್ಲಿ ಗಾಡಿ ಓಡಿತು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್: ಈ ನಿಲ್ದಾಣಗಳ ಹೆಸರುಗಳನ್ನು ಒಂದರ ಹಿಂದೊಂದು ಓದಿದರೆ ಸಾಕು. ಮೊದಲರ್ಧ ದಾರಿಯೆಲ್ಲ ಹಾಸುಗಲ್ಲಿನ ಗಣಿಗಳ ಮೇಲೆಯೇ ಹಳಿ ಹಾಸಿದಂತಿದೆ. ಬಾವಿಯ ಹತ್ತಿರವೇ ಬಾನಿ ಇಟ್ಟ ಹಾಗೆ, ಗಣಿಯ ಬಾಯಲ್ಲೇ ವ್ಯಾಗನ್ನು. ನಾಂಪಲ್ಲಿಯಲ್ಲಿ ಈಗಿರುವ ನಿಲ್ದಾಣದ ಕಟ್ಟಡ 1907ರದು. ಊರಿನವರಿಗೆ ಅದು ಇಂದಿಗೂ ನಾಂಪಲ್ಲಿ ಸ್ಟೇಷನ್ನೇ, ಹಲಗೆಯ ಮೇಲೆ ಹೈದರಾಬಾದ್ ಎಂದಿದ್ದರೂ.

ಮರುವರ್ಷವೇ, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿ ಉಕ್ಕಿ ಹರಿದು ನಗರದ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಪ್ರವಾಹದ ತರುವಾಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಸಲಹೆಗಾಗಿ ಕರೆಸಿದ್ದು, ಜಲಾಶಯಗಳು ಎದ್ದದ್ದು ನಮ್ಮ ಓದುಗರಿಗೆ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ್ದು 1912ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿಯ ಕೆಲಸ. ಕಿಕ್ಕಿರಿದ ಕೇರಿಗಳನ್ನು ತೆರವು ಮಾಡಿ ಗಾಳಿ ಬೆಳಕಿರುವ ಮನೆಗಳನ್ನು, ಅಗಲದ ರಸ್ತೆಗಳನ್ನು ಅದು ಮಾಡಿಸಿತು. 1913ರಲ್ಲಿ ಪಬ್ಲಿಕ್ ಗಾರ್ಡನ್ಸಿನಲ್ಲಿ ಟೌನ್ ಹಾಲ್ ಮುಗಿಯಿತು. 1935ರಲ್ಲಿ ಮೋಜಂಜಾಹಿ ಮಾರ್ಕೆಟ್ ಬಂತು. ಈ ಎರಡು ಮೂರು ದಶಕಗಳಲ್ಲಿ ನಾಂಪಲ್ಲಿಯ ಸುತ್ತ ಎದ್ದ ಸಾಮಾನ್ಯ ಜನರ ಮನೆಗಳಿಗೆ, ಅಂಗಳಗಳಿಗೆ, ಅಂಗಡಿಗಳಿಗೆ ಕೈಗೆಟಕುವ ನೆಲವೆಂದರೆ ಶಹಾಬಾದಿ ಫರಸಿ. ಅಮೃತಶಿಲೆ ನವಾಬರ ಪಾಲಿಗೆ, ಬಣ್ಣದ ಸಿಮೆಂಟ್ ಬಿಲ್ಲೆ ಸಾಹುಕಾರರ ಪಾಲಿಗೆ, ಫರಸಿ ಉಳಿದವರೆಲ್ಲರ ಪಾಲಿಗೆ.

ಹಾಸುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಮುಂದೆ ನೆಲವನ್ನು ಕಾಪಾಡುವ ವಿಚಾರಕ್ಕೆ ಅದೇ ಆಧಾರ. ಹಳೆಯ ಮನೆಗಳಲ್ಲಿ ಮಣ್ಣನ್ನು ದಮ್ಮಸ್ಸು ಮಾಡಿ, ಮೇಲೆ ಮರಳು ಹರಡಿ, ಸುಣ್ಣದ ಗಚ್ಚಿನ ಮೇಲೆ ಕಲ್ಲನ್ನು ಕೂರಿಸುತ್ತಿದ್ದರು. ಸಂದುಗಳಿಗೂ ಗಚ್ಚೇ. ಆ ಸುಣ್ಣ ಎಲ್ಲಿಯದು? ಸುಣ್ಣಗಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಗಾಳಿ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಗಚ್ಚಾಗಿ ಹಚ್ಚಿದ ಮೇಲೆ ನಿಧಾನವಾಗಿ ವಾತಾವರಣದಿಂದ ಅದೇ ಗಾಳಿಯನ್ನು ಹೀರಿ ಮತ್ತೆ ಸುಣ್ಣಗಲ್ಲೇ ಆಗುತ್ತದೆ. ಅಂದರೆ ಚಪ್ಪಡಿಯೂ ಅದನ್ನು ಹಿಡಿದಿಟ್ಟ ಅಂಟೂ ಒಂದೇ ಕುಲದವು. ಒಂದು ಹಿಗ್ಗಿದರೆ ಇನ್ನೊಂದು ಕೊಡುತ್ತದೆ. ನೆಲದೊಳಗಿನ ತೇವ ಸಂದುಗಳಿಂದ ಸದ್ದಿಲ್ಲದೆ ಆರಿಹೋಗುತ್ತದೆ. ನಮ್ಮ ಹಳೆಯ ಗವಂಡಿಗಳು ಈ ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಆದರೆ ಅವರು ಹಾಸಿದ ನೆಲ ನೂರು ವರ್ಷ ನಿಂತಿದೆ, ಓದಿದವರು ಹಾಸಿದ್ದು ಹತ್ತು ವರ್ಷಕ್ಕೆ ಟೊಳ್ಳು ಸದ್ದು ಮಾಡುತ್ತಿದೆ.

ಅದೇ ಬಂಡೆಯನ್ನು ಜೇಡಿಮಣ್ಣಿನೊಡನೆ ಅರೆದು ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಸಿಮೆಂಟು. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಈ ಕಾರಣದಿಂದಲೇ. ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಎಸಿಸಿ ಸ್ಥಾಪನೆಯಾದಾಗ ಅದರಲ್ಲಿ ವಿಲೀನವಾದ ಕಂಪನಿಗಳಲ್ಲೊಂದು. ಮುಂದೆ 1968ರಲ್ಲಿ ವಾಡಿಯಲ್ಲಿಯೂ ಎಸಿಸಿಯ ಕಾರ್ಖಾನೆ ಆರಂಭವಾಯಿತು. ಗಚ್ಚನ್ನು ಮೂಲೆಗೆ ತಳ್ಳಿದ್ದು ಈ ಸಿಮೆಂಟೇ. ತನ್ನ ಒಡಹುಟ್ಟಿದ ಸುಣ್ಣವನ್ನೇ ಹೊರಹಾಕಿತು ಎನ್ನಬೇಕು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕಲ್ಲಂಗಡಿಗಳಲ್ಲಿ ‘ಶಹಾಬಾದ್’ ಮತ್ತು ‘ತಾಂಡೂರು’ ಎಂದು ಎರಡು ಮಾಲು ಇರುತ್ತವೆ. ತಾಂಡೂರಿನದು ನೀಲಿ ಛಾಯೆ ಮತ್ತು ಹಳದಿ ಛಾಯೆಗಳಲ್ಲಿ ಬರುತ್ತದೆ, ಪಾಲಿಶ್ ಹೆಚ್ಚು ಹಿಡಿಯುತ್ತದೆ. ಎರಡೂ ಬೇರೆ ರಾಜ್ಯದ ಬೇರೆ ಕಲ್ಲುಗಳೆಂದು ವ್ಯಾಪಾರಿಗಳು ಹೇಳುತ್ತಾರೆ. ರಾಜ್ಯ ಬೇರೆಯೇ, ನಿಜ. ಕಲ್ಲು ಮಾತ್ರ ಅದೇ ಭೀಮಾ ಶ್ರೇಣಿಯದು. 1956ರ ನವೆಂಬರ್ 1ರವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೇ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ನಕ್ಷೆಯ ಮೇಲೆ ಎಳೆದ ಗೆರೆ ನೆಲದೊಳಗಿನ ಪದರಕ್ಕೆ ಗೊತ್ತಾಗಲಿಲ್ಲ. ಒಂದೇ ಸಂಸ್ಥಾನದ ರಾಜಧಾನಿಗೆ ಬಂದವರೆಂದು ತಿಳಿದುಕೊಂಡಿದ್ದ ಗುಲಬರ್ಗಾ, ರಾಯಚೂರು, ಬೀದರಿನ ಕನ್ನಡಿಗರು ಆ ದಿನ ಬೆಳಗಾಗುವುದರೊಳಗೆ ಪರರಾಜ್ಯದವರಾದರು. ಅವರು ನಿಂತಿದ್ದ ಮನೆಯ ನೆಲವೂ ಹಾಗೆಯೇ ಪರರಾಜ್ಯದ್ದಾಯಿತು!

ಇರಲಿ. ಈ ಇತಿಹಾಸವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣ, ಉಳಿದಿರುವ ಈ ನೆಲಗಳು ನಮ್ಮ ಕಣ್ಣೆದುರೇ, ನಮ್ಮ ಕೈಯಿಂದಲೇ ಹಾಳಾಗುತ್ತಿರುವುದು. ಅದೂ ಅಲಕ್ಷ್ಯದಿಂದಲ್ಲ, ಅತಿ ಕಾಳಜಿಯಿಂದ.

ಮೊದಲನೆಯ ಶತ್ರು ಆಸಿಡ್. ಹೈದರಾಬಾದಿನ ಬೋರ್‌ವೆಲ್ ನೀರು ಗಡುಸು. ಒರೆಸಿದ ನೀರು ಆರಿದಂತೆಲ್ಲ ನೆಲದ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಹಬ್ಬ ಬಂತೆಂದರೆ ಕೆಲಸದವಳ ಕೈಗೆ ಒಂದು ಬಾಟಲಿ ಆಸಿಡ್ ಕೊಟ್ಟು ತಿಕ್ಕಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ನೊರೆ ಏಳುತ್ತದೆ, ಕೊಳೆ ಕಿತ್ತುಬರುತ್ತಿದೆ ಎಂದು ಮನೆಯವರಿಗೆ ಸಂತೋಷ. ಕಿತ್ತುಬರುತ್ತಿರುವುದು ಕೊಳೆಯಲ್ಲ, ಕಲ್ಲು. ಆ ಬಿಳಿಯ ಪೊರೆಯೂ ಸುಣ್ಣದ ಪದಾರ್ಥವೇ, ಕೆಳಗಿನ ಕಲ್ಲೂ ಸುಣ್ಣದ ಪದಾರ್ಥವೇ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಆಸಿಡ್‌ಗೆ ಇಲ್ಲ. ಭೂವಿಜ್ಞಾನದ ವಿದ್ಯಾರ್ಥಿ ಸುಣ್ಣಗಲ್ಲನ್ನು ಗುರುತಿಸುವುದೇ ಒಂದು ಹನಿ ಆಸಿಡ್ ಬಿಟ್ಟು ನೊರೆ ಬರುತ್ತದೋ ಎಂದು ನೋಡಿ. ಅವನು ಒಂದು ಹನಿಯಲ್ಲಿ ಮಾಡುವ ಪರೀಕ್ಷೆಯನ್ನು ನಾವು ಇಡೀ ಪಡಸಾಲೆಯ ಮೇಲೆ ಮಾಡುತ್ತೇವೆ. ಪಾಯಿಖಾನೆ ತೊಳೆಯುವ ಬಣ್ಣದ ದ್ರವಗಳಲ್ಲಿ ಹಲವು ಇದೇ ಆಸಿಡ್‌ಗಳು. ಮೊಬೈಲಿನಲ್ಲಿ ಬರುವ ನಿಂಬೆಹಣ್ಣು, ವಿನೆಗರ್‌ಗಳ ಮನೆಮದ್ದೂ ಬೇಡ. ಅಡುಗೆಮನೆಯಲ್ಲಿ ಹುಣಿಸೆರಸವೋ ಮಜ್ಜಿಗೆಯೋ ಚೆಲ್ಲಿದರೆ ಕೂಡಲೇ ಒರೆಸಬೇಕು. ಮಂಕಾದ ಕಲೆ ಬಿದ್ದರೆ ಅದು ಕಲೆಯಲ್ಲ, ಸವೆತ. ಒರೆಸಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿದರೆ ಮಾತ್ರ ಹೋಗುತ್ತದೆ.

ಎರಡನೆಯ ಶತ್ರು ಮರಳು. ಸುಣ್ಣಗಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 3, ಮರಳಿನ ಬೆಣಚುಕಲ್ಲಿನದು 7. ಚಪ್ಪಲಿಯೊಡನೆ ಬಂದ ನಾಲ್ಕು ಕಾಳು ಮರಳು ಕುರ್ಚಿಯ ಕಾಲಡಿ ಸಿಕ್ಕಿದರೆ ಉಳಿಯಂತೆ ಗೀಚುತ್ತದೆ. ಆದ್ದರಿಂದ ನೆಲಕ್ಕೆ ನೀರಿಗಿಂತ ಪೊರಕೆ ಮುಖ್ಯ. ಗುಡಿಸದೆ ಒರೆಸುವುದೆಂದರೆ ಮರಳನ್ನು ಬಟ್ಟೆಯಲ್ಲಿ ಹಿಡಿದು ಉಜ್ಜಿದ ಹಾಗೆ. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಕಲ್ಲಿನ ದೃಷ್ಟಿಯಿಂದಲೂ ಶಾಸ್ತ್ರಸಮ್ಮತವೇ.

ಮೂರನೆಯದು ಎಣ್ಣೆ. ಜರ್ಮನಿಯ ಬವೇರಿಯಾ ಪ್ರಾಂತದ ಸೋಲ್ನ್‌ಹೋಫೆನ್ ಎಂಬಲ್ಲಿ ನಮ್ಮ ಶಹಾಬಾದಿ ಕಲ್ಲಿನಂತೆಯೇ ನವಿರು ಕಣದ, ಪದರ ಬಿಡುವ ಸುಣ್ಣಗಲ್ಲು ಸಿಗುತ್ತದೆ. ಅಲ್ಲಿಯೂ ಅದನ್ನು ನೆಲಕ್ಕೆ ಹಾಸುತ್ತಾರೆ. ಆ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಉಳಿದ ಭಾಗಕ್ಕೆ ನೀರು ಸವರಿ, ಅಚ್ಚು ತೆಗೆಯುವ ವಿದ್ಯೆಯನ್ನು ಅಲೋಯ್ಸ್ ಸೆನೆಫೆಲ್ಡರ್ ಎಂಬವನು 1796ರ ಸುಮಾರಿಗೆ ಕಂಡುಹಿಡಿದ. ಅದೇ ಶಿಲಾಮುದ್ರಣ, ಲಿಥೋ. ಮೊನ್ನೆ ಮೊನ್ನೆಯವರೆಗೆ ಹೈದರಾಬಾದಿನ ಉರ್ದು ಪತ್ರಿಕೆಗಳನ್ನು ಖುಷ್‌ನವೀಸರು ಕೈಯಿಂದ ಬರೆದು ಮುದ್ರಿಸುತ್ತಿದ್ದದ್ದಕ್ಕೆ ಮೂಲ ಈ ವಿದ್ಯೆ. ಸುಣ್ಣಗಲ್ಲು ಜಿಡ್ಡನ್ನೂ ಕುಡಿಯುತ್ತದೆ, ನೀರನ್ನೂ ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ: ಇಷ್ಟೇ ಅದರ ಗುಟ್ಟು. ದೇವರಮನೆಯ ದೀಪದ ಕೆಳಗಿನ ಕರಿಯ ವರ್ತುಲವೂ ಒಂದು ಬಗೆಯ ಶಿಲಾಮುದ್ರಣವೆಂದೇ ತಿಳಿಯಬೇಕು. ಅದನ್ನು ತೆಗೆಯಲು ಉಜ್ಜಿ ಪ್ರಯೋಜನವಿಲ್ಲ, ಹೀರಿಸಿ ತೆಗೆಯಬೇಕು. ಮುಲ್ತಾನಿ ಮಿಟ್ಟಿಯನ್ನು ಸ್ವಲ್ಪ ಸಾಬೂನು ನೀರಿನಲ್ಲಿ ಹಿಟ್ಟಿನಂತೆ ಕಲಸಿ ಅರ್ಧ ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು, ನಂತರ ಹಾಳೆ ತೆಗೆದು ಒಣಗಲು ಬಿಟ್ಟರೆ ಒಣಗುವಾಗ ಜಿಡ್ಡನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು. ಅರಿಶಿನದ ಕಲೆ ಬೇರೆ ಜಾತಿಯದು. ಅದಕ್ಕೆ ಸೋಡಾ ಹಾಕಿದರೆ ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಅರಿಶಿನ ಸುಣ್ಣ ಕೂಡಿ ಓಕುಳಿಯಾಗುವುದನ್ನು ಬಲ್ಲವರಿಗೆ ಆಶ್ಚರ್ಯವೇನಿಲ್ಲ. ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ.

ಈಗ ‘ಸೀಲರ್’ ವಿಚಾರ. ಕಲ್ಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ಕಲೆ ಬೀಳದಂತೆ ಮಾಡುವ ಆಸೆ ಹಳೆಯದೇ. ಹಿಂದೆ ಕೆಲವರು ಕೊಬ್ಬರಿ ಎಣ್ಣೆ ಒರೆಸುತ್ತಿದ್ದರು, ಕೆಲವರು ಅಗಸೆ ಎಣ್ಣೆ, ಕೆಲವರು ಮೇಣ. ಕೊಬ್ಬರಿ ಎಣ್ಣೆ ಆರುವುದಿಲ್ಲ. ಎರಡು ದಿನ ಮಿರಮಿರ ಮಿಂಚಿ ಮೂರನೆಯ ದಿನ ಧೂಳನ್ನೆಲ್ಲ ಹಿಡಿದು ಕಪ್ಪಾಗುತ್ತದೆ. ಅಗಸೆ ಎಣ್ಣೆ ಆರಿ ಪೊರೆಯಾಗುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಮೇಣ ವಾಸಿ, ಆದರೆ ಆಗಾಗ ತೆಗೆದು ಹಚ್ಚುವ ತಾಳ್ಮೆ ಬೇಕು.

ಈಗ ಅಂಗಡಿಗಳಲ್ಲಿ ಸಿಗುವವು ಮುಖ್ಯವಾಗಿ ಎರಡು ಬಗೆ. ಒಂದು, ವಾರ್ನಿಷಿನಂತೆ ಮೇಲೆ ಪೊರೆ ಕಟ್ಟುವುದು. ಇನ್ನೊಂದು, ಸಿಲೇನ್, ಸಿಲಾಕ್ಸೇನ್ ಮೊದಲಾದ ಪದಾರ್ಥಗಳಿಂದ ಮಾಡಿದ್ದು. ಕಲ್ಲಿನೊಳಗೆ ಇಳಿದು ರಂಧ್ರದ ಗೋಡೆಗಳು ನೀರನ್ನು ಒಲ್ಲದಂತೆ ಮಾಡುತ್ತದೆ, ಆದರೆ ರಂಧ್ರವನ್ನು ಬಿಗಿಯಾಗಿ ಮುಚ್ಚುವುದಿಲ್ಲ, ಒಳಗಿನ ಆವಿ ಹೊರಬರಲು ದಾರಿ ಇರುತ್ತದೆ. ಹೊಳಪು ಬೇಕೆನ್ನುವವರು ಮೊದಲನೆಯದಕ್ಕೆ ಮರುಳಾಗುತ್ತಾರೆ. ಹಳೆಯ ಮನೆಯ ನೆಲಮಾಳಿಗೆಗೆ ಇದು ಹೇಳಿಸಿದ ಮದ್ದಲ್ಲ. ಮೇಲೆ ಹೇಳಿದಂತೆ ಆ ಕಲ್ಲಿನ ಕೆಳಗೆ ಇರುವುದು ಮರಳು ಮತ್ತು ಮಣ್ಣು. ತೇವ ತಡೆಯುವ ಪದರ ಯಾವುದೂ ಇಲ್ಲ. ಮಳೆಗಾಲದಲ್ಲಿ ನೆಲದ ತೇವ ಮೇಲಕ್ಕೆ ಏರುತ್ತದೆ, ಜೊತೆಗೆ ಕರಗಿದ ಉಪ್ಪನ್ನೂ ತರುತ್ತದೆ. ಸಂದು ತೆರೆದಿದ್ದರೆ ಆವಿಯಾಗಿ ಹೋಗಿ, ಉಳಿದ ಉಪ್ಪು ಬಿಳಿಯ ಹುಡಿಯಾಗಿ ಪೊರಕೆಗೆ ಬರುತ್ತದೆ. ಮೇಲೆ ಪೊರೆ ಕಟ್ಟಿದರೆ ಉಪ್ಪು ಪೊರೆಯ ಅಡಿಯಲ್ಲೇ ಹರಳುಗಟ್ಟಿ, ಕಲ್ಲಿನ ಮೇಲ್ಪದರವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಪದರಗಲ್ಲಿಗೆ ಪದರ ಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇದರಲ್ಲಿ ಕಲ್ಲಿನ ನಷ್ಟವೊಂದೇ ಇದ್ದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾಂಪಲ್ಲಿ ಸ್ಟೇಷನ್ನಿನ ಹಿಂಬದಿಯ ಗಲ್ಲಿಯಲ್ಲಿ ನಮಗೆ ಪರಿಚಯದ ಒಂದು ಕುಟುಂಬವಿದೆ. ಮೂಲ ಸೇಡಂ ಕಡೆಯವರು. ಮಗಳ ನಿಶ್ಚಿತಾರ್ಥಕ್ಕೆಂದು ಪಡಸಾಲೆಯ ಹಳೆಯ ಫರಸಿಗೆ ಹೊಳಪಿನ ಲೇಪನ ಮಾಡಿಸಿದರು. ಕನ್ನಡಿಯಂತಾಯಿತು, ಬಂದವರೆಲ್ಲ ಹೊಗಳಿದರು. ಹದಿನೈದು ದಿನದೊಳಗೆ ಮನೆಯ ಅಜ್ಜಿ ಬೆಳಗಿನ ಜಾವ ಬಚ್ಚಲಿಂದ ಒದ್ದೆಗಾಲಲ್ಲಿ ಬರುತ್ತ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಲವತ್ತು ವರ್ಷ ಅದೇ ನೆಲದ ಮೇಲೆ ಕೊಡ ಹೊತ್ತು ನಡೆದಾಡಿದ ಜೀವ. “ಈ ಕಲ್ಲ ನಮ್ಮೂರಂದ ಅದ, ಕಾಲ ಹಿಡೀತದ ಅಂತಿದ್ದೆ, ಅದರ ಬಾಯಿ ಮುಚ್ಚಿಸಿಬಿಟ್ಟ್ರಿ” ಎಂದರು, ನೋಡಲು ಹೋದಾಗ. ಆಡುಮಾತಿನಲ್ಲಿ ಹೇಳಿದರೂ ವಿಷಯ ಅದೇ. ಪದರ ಬಿಟ್ಟ ಕಲ್ಲಿನ ಸಹಜ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಏರಿಳಿತಗಳಿರುತ್ತವೆ, ಬರಿಗಾಲಿಗೆ ಹಿಡಿತ ಕೊಡುವುದು ಅವೇ. ಪೊರೆ ಅವುಗಳನ್ನು ತುಂಬಿ ಸಮ ಮಾಡಿಬಿಡುತ್ತದೆ. ವಯಸ್ಸಾದವರಿರುವ ಮನೆಯಲ್ಲಿ, ಬಚ್ಚಲ ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಅಂಗಳದಲ್ಲಿ ಹೊಳಪು ಸರ್ವಥಾ ಸಲ್ಲದು.

ಹಾಗಾದರೆ ಸೀಲರ್ ಬೇಡವೇ ಬೇಡವೇ? ಅಡುಗೆಮನೆ, ಊಟದ ಕೋಣೆಗಳಿಗೆ ಒಳಗಿಳಿಯುವ ಬಗೆಯದು ಉಪಯುಕ್ತವೇ. ಮೊದಲು ಪರೀಕ್ಷಿಸಬೇಕು. ನೆಲದ ಮೇಲೆ ಒಂದು ಚಮಚ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿದ ಮೇಲೆ ಅಲ್ಲಿ ಕಲ್ಲು ಕಪ್ಪಾಗಿ ಕಂಡರೆ ಅದು ಕುಡಿಯುತ್ತಿದೆ, ಸೀಲರ್ ಬೇಕು. ಮೊದಲಿನಂತೆಯೇ ಇದ್ದರೆ ಹಣ ಉಳಿಸಿ. ಎರಡನೆಯದಾಗಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಅಂಟಿನ ಪಟ್ಟಿಯಿಂದ ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೆಲದೊಳಗೆ ತೇವವಿದೆ, ಕೆಲಸ ಮುಂದಕ್ಕೆ ಹಾಕಿ. ಹೈದರಾಬಾದಿನಲ್ಲಿ ಇದಕ್ಕೆ ಹೇಳಿದ ಕಾಲವೆಂದರೆ ಹೋಳಿಯಿಂದ ರೋಹಿಣಿ ಮಳೆಯವರೆಗೆ. ಮನೆಯವರಿಗೆ ಪುರಸೊತ್ತು ಸಿಗುವುದು ಮಾತ್ರ ದಸರೆಗೆ, ಮಳೆ ನಿಂತೂ ನಿಲ್ಲದ ಹೊತ್ತಿಗೆ! ಹಚ್ಚುವಾಗ ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷದಲ್ಲಿ, ಅದು ಆರುವ ಮೊದಲೇ, ಮೇಲುಳಿದದ್ದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಕಲ್ಲು ಎಷ್ಟು ಕುಡಿಯಬಲ್ಲುದೋ ಅಷ್ಟೇ. ಹೆಚ್ಚು ಹಚ್ಚಿದರೆ ಹೆಚ್ಚು ರಕ್ಷಣೆ ಎಂಬುದು ಭ್ರಮೆ, ಮೇಲುಳಿದದ್ದು ಮಂಜಿನಂತೆ ಮಸುಕಾಗಿ ಕೂರುತ್ತದೆ. ಕೆಲವು ಸೀಲರ್‌ಗಳ ಆವಿ ಬೆಂಕಿ ಹಿಡಿಯುವಂಥದು. ದೀಪ, ಗ್ಯಾಸು ಆರಿಸಿ ಕಿಟಕಿ ತೆರೆದಿಡಬೇಕು. ಮತ್ತೆ ಯಾವಾಗ ಹಚ್ಚಬೇಕು ಎಂಬುದನ್ನು ಡಬ್ಬಿಯ ಮೇಲಿನ ಬರಹಕ್ಕಿಂತ ಆ ಒಂದು ಚಮಚ ನೀರೇ ಚೆನ್ನಾಗಿ ಹೇಳುತ್ತದೆ. ಒಂದು ಮಾತು ಮರೆಯಬಾರದು: ಯಾವ ಸೀಲರೂ ಕಲೆಯನ್ನು ತಡೆದೀತು, ಆಸಿಡನ್ನು ತಡೆಯಲಾರದು.

ಪಾಲಿಶ್ ಮಾಡುವವರು ಕೊನೆಗೆ ಆಕ್ಸಾಲಿಕ್ ಆಮ್ಲದ ಪುಡಿ ಹಾಕಿ ಉಜ್ಜುತ್ತಾರಲ್ಲ, ಅದೂ ಆಸಿಡ್ಡೇ ಅಲ್ಲವೇ ಎಂದು ಜಾಣ ಓದುಗರು ಕೇಳಬಹುದು. ಹೌದು, ಆದರೆ ಅದು ಸುಣ್ಣಗಲ್ಲಿನೊಡನೆ ಕೂಡಿದಾಗ ಹುಟ್ಟುವ ಕ್ಯಾಲ್ಸಿಯಂ ಆಕ್ಸಲೇಟ್ ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೆಳ್ಳನೆಯ ಗಟ್ಟಿ ಪದರವಾಗಿ ನಿಲ್ಲುತ್ತದೆ. ಉಪ್ಪಿನ ಆಮ್ಲದಿಂದ ಹುಟ್ಟುವುದು ಕರಗಿ ಹರಿದುಹೋಗುತ್ತದೆ. ವ್ಯತ್ಯಾಸವಿಷ್ಟೇ. ಆ ಪುಡಿ ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ಹಲವು ನೀರು ತೊಳೆಸಬೇಕು, ಉಳಿದ ಪೊಟ್ಟಣವನ್ನು ಅಡುಗೆಮನೆಯಲ್ಲಿ ಇಡಬಾರದು. ದಿನನಿತ್ಯಕ್ಕೆ ಬೇಕಾದ್ದು ಸೌಮ್ಯವಾದ ಸಾಬೂನಿನ ಒಂದೆರಡು ಹನಿ ಬೆರೆಸಿದ ನೀರು, ಅನಂತರ ಬರಿಯ ನೀರು, ಅನಂತರ ಒಣಬಟ್ಟೆ. ಗಡುಸು ನೀರಿನ ಊರಿನಲ್ಲಿ ಈ ಮೂರನೆಯದನ್ನು ಬಿಟ್ಟವರೇ ಮುಂದೆ ಆಸಿಡ್ ಬಾಟಲಿಗೆ ಕೈ ಹಾಕುವುದು.

ಸಂದು ಬಿಟ್ಟಿದ್ದರೆ ಹಳೆಯ ನೆಲಕ್ಕೆ ಸಿಮೆಂಟ್ ತುಂಬಿಸಬಾರದು. ಸಿಮೆಂಟು ಕಲ್ಲಿಗಿಂತ ಮೊಂಡ. ತಾನು ಬಿರಿಯುವುದಿಲ್ಲ, ಕಲ್ಲಿನ ಅಂಚನ್ನು ಬಿರಿಯಿಸುತ್ತದೆ, ತೇವದ ದಾರಿಯನ್ನೂ ಮುಚ್ಚುತ್ತದೆ. ಅರಳಿದ ಸುಣ್ಣ ಮತ್ತು ಜರಡಿ ಹಿಡಿದ ಮರಳಿನ ಗಚ್ಚು ಸಾಕು. ಇದನ್ನು ಬಲ್ಲ ಗವಂಡಿಗಳು ಹಳೆಯ ಊರಿನ ಕಡೆ ವಿಚಾರಿಸಿದರೆ ಇನ್ನೂ ಸಿಗುತ್ತಾರೆ.

1990ರ ದಶಕದಿಂದೀಚೆಗೆ ಗುಜರಾತಿನ ಮೋರ್ಬಿಯ ಟೈಲ್‌ಗಳು ಬಂದು ಫರಸಿಯನ್ನು ಅಂಗಳಕ್ಕೂ, ಅಲ್ಲಿಂದ ಬೀದಿಗೂ ಅಟ್ಟಿವೆ. ನಾಂಪಲ್ಲಿಯ ಹಳೆಯ ಮನೆಗಳೂ ಒಂದೊಂದಾಗಿ ನೆಲಸಮವಾಗಿ ಅಪಾರ್ಟ್‌ಮೆಂಟ್‌ಗಳಾಗುತ್ತಿವೆ. ಬಾಗಿಲು, ಕಿಟಕಿ, ತೊಲೆಗಳನ್ನು ಬಿಡಿಬಿಡಿಯಾಗಿ ಮಾರುವ ಮಾಲೀಕರು ನೆಲವನ್ನು ಮಾತ್ರ ಮಣ್ಣಿನೊಡನೆ ಲಾರಿಗೆ ತುಂಬಿಸುತ್ತಾರೆ. ಗಚ್ಚಿನ ಮೇಲೆ ಕೂತ ಕಲ್ಲು ಸಿಮೆಂಟಿನದರಂತೆ ಹಟ ಮಾಡುವುದಿಲ್ಲ. ಸಂದನ್ನು ಕೆರೆದು ಹಾರೆಯ ತುದಿ ಕೊಟ್ಟರೆ ಇಡಿಯಾಗಿ ಏಳುತ್ತದೆ. ಮೇಲ್ಮೈ ಎಷ್ಟೇ ಸವೆದಿದ್ದರೂ ಮಗುಚಿ ಹಾಕಿದರೆ ಅಡಿಮೈ ಹೊಸದು. ಮೇಲೆ ಹೇಳಿದ ಕುಟುಂಬದವರು ಹಾಗೆಯೇ ಮಾಡಿದರು. ಲೇಪನವನ್ನು ಕೆರೆಸಿ ಕಲ್ಲನ್ನು ಸವೆಸುವುದು ಬೇಡವೆಂದು, ಪಡಸಾಲೆಯ ಕಲ್ಲುಗಳಿಗೆ ಇದ್ದಿಲಿನಿಂದ ಸಂಖ್ಯೆ ಬರೆದು, ಎಬ್ಬಿಸಿ, ಮಗುಚಿ, ಅದೇ ಜಾಗದಲ್ಲಿ ಸುಣ್ಣದ ಗಚ್ಚಿನ ಮೇಲೆ ಕೂರಿಸಿದರು. ನಾಲ್ಕೈದು ಕಲ್ಲು ಒಡೆದವು; ಅಷ್ಟನ್ನು ಚಿತ್ತಾಪುರದಿಂದ ತರಿಸಿದರು. ಹೊಸವು ಇನ್ನೂ ತುಸು ತಿಳಿಬಣ್ಣವಾಗಿ ಕಾಣುತ್ತವೆ. ಅಜ್ಜ ಅಜ್ಜಿಯರ ಮಂಚದಿಂದ ಬಚ್ಚಲವರೆಗಿನ ಸಾಲಿಗೆ ಯಾವ ಪಾಲಿಶೂ ಮಾಡಿಸಿಲ್ಲ. ಅಜ್ಜಿ ಈಗ ಕೋಲು ಹಿಡಿದು ಆ ಸಾಲಿನ ಮೇಲೆಯೇ ಓಡಾಡುತ್ತಾರೆ.